ಸ್ತನ ಇಂಪ್ಲಾಂಟ್: ಕೇಳಿ ತಿಳಿದು ನಿರ್ಧರಿಸಬೇಕಾದ ವಿಷಯ



ಇಂದು ನಾನು ಎತ್ತಿಕೊಂಡಿರುವ ವಿಷಯ ನಿಮ್ಮಲ್ಲಿ ಕೆಲವರಿಗೆ ಮುಜುಗರ ತರಬಹುದು, ಕೆಲವರಿಗೆ ನಗು ಬರಬಹುದು. ಆದರೆ ನಿಮ್ಮ ತರಗತಿಯಲ್ಲೇ ಕುಳಿತಿರುವ ಯಾರೋ ಒಬ್ಬರಿಗೆ ಇದು ವರ್ಷಗಟ್ಟಲೆ ಮನಸ್ಸಿನಲ್ಲೇ ಉಳಿದ ಪ್ರಶ್ನೆಯಾಗಿರಬಹುದು. ತಂದೆತಾಯಿಗಳನ್ನು ಕೇಳುವಂತಿಲ್ಲ, ಮೇಷ್ಟರನ್ನು ಕೇಳುವಂತಿಲ್ಲ, ಸ್ನೇಹಿತರನ್ನು ಕೇಳಿದರೆ ಊರೆಲ್ಲ ಗೊತ್ತಾಗುತ್ತದೆ. ಹೀಗೆ ಕೇಳಲಾಗದ ಪ್ರಶ್ನೆಗೆ ತಪ್ಪು ಉತ್ತರ ಕೊಡುವವರು ಬಹಳ ಬೇಗ ಸಿಗುತ್ತಾರೆ. ಆ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಮಾತುಗಳನ್ನು ಹೇಳುತ್ತಿದ್ದೇನೆ. ಉಳಿದವರೂ ದಯವಿಟ್ಟು ಓದಿ. ಸಹಪಾಠಿಯ ದೇಹದ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಎಂದು ತಿಳಿದಿರುವುದರಿಂದ ಯಾರಿಗೂ ನಷ್ಟವಿಲ್ಲ.

ಹುಟ್ಟಿದಾಗ ಗಂಡು ಮಗು ಎಂದು ದಾಖಲಾಗಿ, ಬೆಳೆಯುತ್ತಾ ತಾನು ಹೆಣ್ಣೆಂದು ಒಳಗಿನಿಂದಲೇ ಅರಿತವರನ್ನು ಟ್ರಾನ್ಸ್ ಮಹಿಳೆಯರು ಎನ್ನುತ್ತೇವೆ. ಸರ್ಕಾರದ ಕಾಗದಪತ್ರಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಎಂಬ ಮಾತು ಬಳಕೆಯಲ್ಲಿದೆ. ನಮ್ಮ ನಾಡಿಗೆ ಇವರೇನೂ ಹೊಸಬರಲ್ಲ. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. 'ನಾನು ಅವನಲ್ಲ ಅವಳು' ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ನಿಮಗೆ ನೆನಪಿರಬಹುದು. ಆದರೆ ವೇದಿಕೆಯ ಮೇಲೆ ಸಿಗುವ ಗೌರವ ಬೇರೆ, ಸ್ನಾನದ ಮನೆಯ ಕನ್ನಡಿಯ ಮುಂದೆ ಒಬ್ಬ ಹತ್ತೊಂಬತ್ತು ವರ್ಷದ ಯುವತಿ ಪಡುವ ಸಂಕಟ ಬೇರೆ. ತನ್ನ ಎದೆ ತನ್ನದಲ್ಲ ಎನ್ನಿಸುವ ಆ ಸಂಕಟ ಶೋಕಿಯಲ್ಲ. ವೈದ್ಯಶಾಸ್ತ್ರ ಅದಕ್ಕೊಂದು ಹೆಸರಿಟ್ಟಿದೆ, ಚಿಕಿತ್ಸೆಯನ್ನೂ ರೂಪಿಸಿದೆ.

ಸಲಹೆಗೆ ಬರುವ ಯುವತಿಯರು ಸಾಮಾನ್ಯವಾಗಿ ಮೊದಲು ಕೇಳುವುದು ಎರಡು ಪ್ರಶ್ನೆ. ಎಷ್ಟು ಖರ್ಚಾಗುತ್ತದೆ? ಎಷ್ಟು ದೊಡ್ಡದು ಮಾಡಬಹುದು? ಅದಕ್ಕೆ ಪ್ಲಾಸ್ಟಿಕ್ ಸರ್ಜನ್ ಮರಳಿ ಕೇಳುವ ಪ್ರಶ್ನೆ ಬೇರೆಯದು: ಹಾರ್ಮೋನು ಚಿಕಿತ್ಸೆ ಶುರುಮಾಡಿ ಎಷ್ಟು ತಿಂಗಳಾಯಿತು? ಈ ಪ್ರಶ್ನೆ ಕೇಳಿದಾಗ ಅನೇಕರಿಗೆ ನಿರಾಶೆಯಾಗುತ್ತದೆ, ಡಾಕ್ಟರು ನೆಪ ಹೇಳಿ ಮುಂದೂಡುತ್ತಿದ್ದಾರೆ ಎನ್ನಿಸುತ್ತದೆ. ಅದು ನೆಪವಲ್ಲ. ಏಕೆಂದು ನೋಡೋಣ.

ಗಂಡು ಹೆಣ್ಣೆಂಬ ಭೇದವಿಲ್ಲದೆ ಪ್ರತಿ ಮಗುವೂ ತೊಟ್ಟಿನ ಹಿಂದೆ ಸ್ತನ ಅಂಗಾಂಶದ ಒಂದು ಪುಟ್ಟ ಮೊಗ್ಗಿನೊಂದಿಗೆ ಹುಟ್ಟುತ್ತದೆ. ಹೈಸ್ಕೂಲು ಹುಡುಗರಲ್ಲಿ ಎಷ್ಟೋ ಮಂದಿಗೆ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಅಲ್ಲಿ ಗಂಟು ಕಟ್ಟಿದಂತಾಗಿ ನೋಯುತ್ತದೆ. ಯಾರಿಗೂ ಹೇಳದೆ ಶರಟಿನ ಒಳಗೆ ದಪ್ಪ ಬನಿಯನ್ನು ಹಾಕಿಕೊಂಡು ಓಡಾಡುತ್ತಾರೆ. ಅದೇ ಈ ಮೊಗ್ಗು. ಅವರಲ್ಲಿ ಅದು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಕುಗ್ಗುತ್ತದೆ. ಹುಡುಗಿಯರಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಅದನ್ನು ಅರಳಿಸುತ್ತದೆ. ಟ್ರಾನ್ಸ್ ಮಹಿಳೆಯೊಬ್ಬರು ವೈದ್ಯರ ನಿಗಾದಲ್ಲಿ ಈಸ್ಟ್ರೋಜನ್ ತೆಗೆದುಕೊಂಡರೆ, ಜೊತೆಗೆ ದೇಹದ ಪುರುಷ ಹಾರ್ಮೋನನ್ನು ತಗ್ಗಿಸುವ ಔಷಧಿಯನ್ನೂ ಸೇವಿಸಿದರೆ, ಅದೇ ಮೊಗ್ಗು ಅದೇ ರೀತಿ ಬೆಳೆಯತೊಡಗುತ್ತದೆ. ಮೂರರಿಂದ ಆರು ತಿಂಗಳಲ್ಲಿ ತೊಟ್ಟಿನ ಹಿಂದೆ ನೋವು, ಗಟ್ಟಿತನ ಕಾಣಿಸುತ್ತದೆ. ಬೆಳವಣಿಗೆ ತನ್ನ ಕೊನೆಯ ಮಟ್ಟ ಮುಟ್ಟಲು ಎರಡು ಮೂರು ವರ್ಷ ಹಿಡಿಯಬಹುದು.

ಇದರಲ್ಲಿ ಅತಿಯಾದ ಆಸೆ ಹುಟ್ಟಿಸುವುದೂ ತಪ್ಪು. ಯುರೋಪಿನಲ್ಲಿ 229 ಟ್ರಾನ್ಸ್ ಮಹಿಳೆಯರನ್ನು ಒಂದು ವರ್ಷ ಅಳತೆ ಮಾಡಿ ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಬೆಳವಣಿಗೆಯ ಹೆಚ್ಚಿನ ಪಾಲು ಮೊದಲ ಆರು ತಿಂಗಳಲ್ಲೇ ಆಗಿತ್ತು, ಒಟ್ಟಾರೆ ಪ್ರಮಾಣ ಸಾಧಾರಣವಾಗಿತ್ತು. ಸುಮಾರು ಅರ್ಧದಷ್ಟು ಮಂದಿಗೆ ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಅಳತೆಯ ಬ್ರಾ ಕೂಡ ತುಂಬುವಷ್ಟು ಬೆಳೆದಿರಲಿಲ್ಲ. ಹಾಗಾದರೆ ಕಾಯುವುದೇಕೆ ಎಂದು ನೀವು ಕೇಳಬಹುದು. ಕಾಯುವುದರಿಂದ ಸಿಗುವ ಲಾಭ ಗಾತ್ರಕ್ಕಿಂತಲೂ ಹೆಚ್ಚಾಗಿ ಹೊದಿಕೆಯದು. ಇಂಪ್ಲಾಂಟ್ ಎಂಬುದು ಒಳಗೆ ಇಡುವ ಒಂದು ಚೀಲ. ಅದರ ಮೇಲೆ ಸ್ವಂತದ ಅಂಗಾಂಶ, ಕೊಬ್ಬು, ಹಿಗ್ಗಬಲ್ಲ ಚರ್ಮ ಇಷ್ಟಾದರೂ ಇದ್ದರೆ ಆ ಚೀಲದ ಅಂಚು ಹೊರಗೆ ಎದ್ದು ಕಾಣುವುದಿಲ್ಲ. ಹಾಸಿಗೆಯ ಮೇಲೆ ದಪ್ಪ ಜಮಖಾನ ಹಾಸುವುದಕ್ಕೂ ತೆಳ್ಳನೆಯ ಪಂಚೆ ಹಾಸುವುದಕ್ಕೂ ಇರುವ ವ್ಯತ್ಯಾಸ ನೆನೆದುಕೊಳ್ಳಿ. ಟ್ರಾನ್ಸ್‌ಜೆಂಡರ್ ಆರೋಗ್ಯದ ವೃತ್ತಿಪರರ ಜಾಗತಿಕ ಸಂಘ 2022ರಲ್ಲಿ ಹೊರತಂದ ಎಂಟನೆಯ ಮಾರ್ಗಸೂಚಿಯೂ, ಹಾರ್ಮೋನು ಬೇಕೆಂದಿರುವ ವಯಸ್ಕರು ಇಂಥ ಶಸ್ತ್ರಚಿಕಿತ್ಸೆಗೆ ಮುಂಚೆ ಕನಿಷ್ಠ ಆರು ತಿಂಗಳಾದರೂ ಅದನ್ನು ತೆಗೆದುಕೊಂಡಿರುವುದು ಒಳ್ಳೆಯದೆಂದು ಸೂಚಿಸಿತು. ಹಿಂದಿನ ಆವೃತ್ತಿ ಒಂದು ವರ್ಷ ಎಂದಿತ್ತು. ಒಂದರಿಂದ ಎರಡು ವರ್ಷ ಕಾದು ನೋಡಿದರೆ ಇನ್ನೂ ಒಳಿತು ಎಂಬುದು ನನ್ನ ಅಭಿಪ್ರಾಯ. ಹಾಗೆ ಕಾದವರಲ್ಲಿ ಕೆಲವರು, ಇಷ್ಟೇ ಸಾಕು, ಆಪರೇಷನ್ ಬೇಡ ಎಂದು ಸಂತೋಷದಿಂದ ಹಿಂದಿರುಗುವುದೂ ಉಂಟು.

ಹಾರ್ಮೋನು ಎಂದಾಗ ಒಂದು ಮಾತನ್ನು ಒತ್ತಿ ಹೇಳಬೇಕು. ಗರ್ಭನಿರೋಧಕ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ತಂದು, ದಿನಕ್ಕೆ ಮೂರು ನಾಲ್ಕು ನುಂಗುವ ಅಭ್ಯಾಸ ಈ ಸಮುದಾಯದಲ್ಲಿ ಬಹಳ ಕಾಲದಿಂದ ಇದೆ. ಹಿರಿಯರು ಕಿರಿಯರಿಗೆ ಹೇಳಿಕೊಟ್ಟದ್ದು, ಅಗ್ಗ, ಯಾರೂ ಪ್ರಶ್ನೆ ಕೇಳುವುದಿಲ್ಲ. ಆದರೆ ಆ ಮಾತ್ರೆಗಳಲ್ಲಿ ಸಾಮಾನ್ಯವಾಗಿರುವುದು ಎಥಿನೈಲ್ ಈಸ್ಟ್ರಡಯಾಲ್ ಎಂಬ ಕೃತಕ ಈಸ್ಟ್ರೋಜನ್. ಅದು ರಕ್ತವನ್ನು ಹೆಪ್ಪುಗಟ್ಟಿಸುವ ಗುಣವುಳ್ಳದ್ದು. ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಹೆಚ್ಚು ನುಂಗಿದರೆ ಬೇಗ ಬೆಳೆಯುತ್ತದೆ ಎಂಬುದೂ ಸುಳ್ಳು. ವೈದ್ಯರು ಬರೆಯುವುದು ದೇಹದ ಈಸ್ಟ್ರೋಜನ್‌ಗೆ ಸಮನಾದ ಈಸ್ಟ್ರಡಯಾಲ್, ಅದೂ ರಕ್ತಪರೀಕ್ಷೆ ನೋಡಿಕೊಂಡು. ಹಾರ್ಮೋನಿನಿಂದ ಒಮ್ಮೆ ಬೆಳೆದ ಸ್ತನ ಔಷಧಿ ನಿಲ್ಲಿಸಿದರೆ ಮಾಯವಾಗುವುದಿಲ್ಲ ಎಂಬುದೂ, ಈ ಚಿಕಿತ್ಸೆಯಿಂದ ಮಕ್ಕಳಾಗುವ ಶಕ್ತಿ ಕುಂದಬಹುದು ಎಂಬುದೂ ಮೊದಲೇ ಗೊತ್ತಿರಬೇಕು. ಮುಂದೆ ಸ್ವಂತ ಮಗು ಬೇಕೆನ್ನಿಸಬಹುದಾದರೆ ಔಷಧಿ ಶುರುಮಾಡುವ ಮುಂಚೆಯೇ ವೀರ್ಯ ಸಂಗ್ರಹದ ಬಗ್ಗೆ ವಿಚಾರಿಸಬೇಕು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಯಾರೂ ಇದನ್ನು ಯೋಚಿಸುವುದಿಲ್ಲ, ಆದ್ದರಿಂದಲೇ ಹೇಳುತ್ತಿದ್ದೇನೆ.

ಇನ್ನು ಇಂಪ್ಲಾಂಟ್‌ನ ಕಥೆಗೆ ಬರೋಣ. ಇದು ಸ್ವಲ್ಪ ಉದ್ದದ ಕಥೆ. ಆದರೆ ಅದನ್ನು ತಿಳಿಯದೆ ಆಯ್ಕೆ ಮಾಡಲಾಗದು.

ಸ್ತನವನ್ನು ಶಸ್ತ್ರಚಿಕಿತ್ಸೆಯಿಂದ ತುಂಬುವ ಪ್ರಯತ್ನ ನೂರು ವರ್ಷಕ್ಕೂ ಹಳೆಯದು. 1895ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ವಿನ್ಸೆಂಟ್ಸ್ ಚೆರ್ನಿ ಎಂಬ ಶಸ್ತ್ರವೈದ್ಯರು ಒಬ್ಬ ಮಹಿಳೆಯ ದೇಹದಲ್ಲೇ ಇದ್ದ ಕೊಬ್ಬಿನ ಗಡ್ಡೆಯನ್ನು ತೆಗೆದು ಸ್ತನದ ಜಾಗಕ್ಕೆ ಇಟ್ಟರು. ಆ ಮೇಲೆ ಬಂದದ್ದು ಪ್ಯಾರಫಿನ್ ಚುಚ್ಚುಮದ್ದಿನ ಕಾಲ. ಮೇಣವನ್ನು ಕರಗಿಸಿ ಚುಚ್ಚಿದರು. ಅದು ಗಂಟುಗಟ್ಟಿ, ಹುಣ್ಣಾಗಿ ಎಷ್ಟೋ ಹೆಂಗಸರ ಬಾಳು ಹಾಳಾಯಿತು. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ದ್ರವರೂಪದ ಸಿಲಿಕೋನನ್ನು ನೇರವಾಗಿ ಎದೆಗೆ ಚುಚ್ಚುವ ಪದ್ಧತಿ ಹಬ್ಬಿತು. ಫಲಿತಾಂಶ ಮತ್ತೆ ಅದೇ. ಈ ಹಳೆಯ ತಪ್ಪನ್ನು ನೆನಪಿನಲ್ಲಿಡಿ, ಕೊನೆಗೆ ಇದರ ಬಗ್ಗೆ ಮತ್ತೆ ಹೇಳುವುದಿದೆ.

ಸಿಲಿಕೋನನ್ನು ಒಂದು ಚೀಲದೊಳಗೆ ಇಟ್ಟರೆ ಅದು ದೇಹದಲ್ಲಿ ಹರಡಲಾರದು ಎಂಬ ಯೋಚನೆ ಹೊಳೆದದ್ದು ಅಮೆರಿಕದ ಹ್ಯೂಸ್ಟನ್ ನಗರದ ಫ್ರಾಂಕ್ ಜೆರೋ ಮತ್ತು ಥಾಮಸ್ ಕ್ರೋನಿನ್ ಎಂಬ ವೈದ್ಯರಿಗೆ. ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಹಿಡಿದಾಗ ಜೆರೋ ಅವರಿಗೆ ಈ ಉಪಾಯ ತೋಚಿತು ಎಂಬ ಕಥೆ ಪ್ರಸಿದ್ಧವಾಗಿದೆ. 1962ರಲ್ಲಿ ಮೊದಲ ಸಿಲಿಕೋನ್ ಜೆಲ್ ಇಂಪ್ಲಾಂಟನ್ನು ಅಳವಡಿಸಿದರು. ಮುಂದಿನ ಮೂವತ್ತು ವರ್ಷ ಲಕ್ಷಾಂತರ ಮಹಿಳೆಯರು ಇದನ್ನು ಹಾಕಿಸಿಕೊಂಡರು. ಚೀಲ ಒಡೆದ, ಗಟ್ಟಿಯಾದ ದೂರುಗಳೂ ಬೆಳೆದವು. 1992ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸೌಂದರ್ಯಕ್ಕಾಗಿ ಸಿಲಿಕೋನ್ ಜೆಲ್ ಬಳಸುವುದನ್ನು ತಡೆಹಿಡಿಯಿತು. ಮೊಕದ್ದಮೆಗಳ ಭಾರಕ್ಕೆ ಡೌ ಕಾರ್ನಿಂಗ್ ಎಂಬ ದೊಡ್ಡ ಕಂಪನಿ 1995ರಲ್ಲಿ ದಿವಾಳಿ ಅರ್ಜಿ ಹಾಕಿತು. 1999ರಲ್ಲಿ ಅಲ್ಲಿನ ತಜ್ಞರ ಸಮಿತಿಯೊಂದು ಪುರಾವೆಗಳನ್ನೆಲ್ಲ ಪರಿಶೀಲಿಸಿ, ಸಿಲಿಕೋನ್ ಇಡೀ ದೇಹದ ಕಾಯಿಲೆಗಳನ್ನು ತರುತ್ತದೆ ಎನ್ನಲು ಆಧಾರವಿಲ್ಲ, ನಿಜವಾದ ತೊಂದರೆಗಳು ಎದೆಯ ಸುತ್ತಮುತ್ತಲಿನವೇ ಎಂದು ಹೇಳಿತು. 2006ರಲ್ಲಿ ಹೊಸ ಬಗೆಯ ಜೆಲ್ ಇಂಪ್ಲಾಂಟ್‌ಗಳಿಗೆ ಮತ್ತೆ ಅನುಮತಿ ದೊರೆಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಫ್ರಾನ್ಸಿನ ಪಿ.ಐ.ಪಿ. ಎಂಬ ಕಂಪನಿ ವೈದ್ಯಕೀಯ ದರ್ಜೆಯ ಸಿಲಿಕೋನ್ ಬದಲು ಕೈಗಾರಿಕೆಗೆ ಬಳಸುವ ಅಗ್ಗದ ಸಿಲಿಕೋನ್ ತುಂಬಿ ಮಾರುತ್ತಿದ್ದುದು 2010ರಲ್ಲಿ ಬಯಲಾಯಿತು. ಸುಮಾರು 65 ದೇಶಗಳಲ್ಲಿ ಅಂದಾಜು 3 ಲಕ್ಷ ಮಹಿಳೆಯರ ದೇಹದಲ್ಲಿ ಆ ಸರಕು ಸೇರಿಹೋಗಿತ್ತು. ಅದರ ಸಂಸ್ಥಾಪಕ ಜಾನ್ ಕ್ಲೋಡ್ ಮಾಸ್ ಎಂಬಾತನಿಗೆ 2013ರಲ್ಲಿ ನಾಲ್ಕು ವರ್ಷದ ಜೈಲು ಶಿಕ್ಷೆಯಾಯಿತು. ಬಳಿಕ 2019ರ ಜುಲೈನಲ್ಲಿ ಅಲರ್ಗನ್ ಕಂಪನಿಯ ಬಯೋಸೆಲ್ ಎಂಬ ಒರಟು ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಕಾರಣ, ಇಂಪ್ಲಾಂಟ್‌ನ ಸುತ್ತ ಬೆಳೆಯುವ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರ್. ಅಷ್ಟು ಹೊತ್ತಿಗೆ ಜಗತ್ತಿನಲ್ಲಿ 573 ಪ್ರಕರಣ, 33 ಸಾವು ದಾಖಲಾಗಿತ್ತು. ಈ ಕ್ಯಾನ್ಸರ್ ಟ್ರಾನ್ಸ್ ಮಹಿಳೆಯರಲ್ಲೂ ವರದಿಯಾಗಿದೆ. ಕೋಟ್ಯಂತರ ಇಂಪ್ಲಾಂಟ್‌ಗಳ ನಡುವೆ ಇದು ಬಹಳ ಸಣ್ಣ ಸಂಖ್ಯೆ, ಬೇಗ ಪತ್ತೆಯಾದರೆ ಇಂಪ್ಲಾಂಟನ್ನೂ ಅದರ ಸುತ್ತಲಿನ ಪೊರೆಯನ್ನೂ ತೆಗೆದುಹಾಕಿದರೆ ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಯಾವ ಕಂಪನಿ, ಯಾವ ಮೇಲ್ಮೈ ಎಂದು ಕೇಳದೆ ಯಾರೂ ಮೇಜಿನ ಮೇಲೆ ಮಲಗಬಾರದು ಎಂಬುದಕ್ಕೆ ಇಷ್ಟು ಸಾಕಲ್ಲವೆ?

ಈಗ ಇರುವ ಆಯ್ಕೆಗಳೇನು? ತುಂಬಿರುವ ವಸ್ತುವಿನ ಪ್ರಕಾರ ಇಂಪ್ಲಾಂಟ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಉಪ್ಪುನೀರು, ಅಂದರೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಸಲೈನ್. ಇನ್ನೊಂದರಲ್ಲಿ ಸಿಲಿಕೋನ್ ಜೆಲ್. ಹೊರಗಿನ ಚೀಲ ಎರಡರಲ್ಲೂ ಸಿಲಿಕೋನಿನದೇ. ಸಲೈನ್ ಚೀಲ ಒಡೆದರೆ ನೀರು ದೇಹದಲ್ಲಿ ಇಂಗಿಹೋಗಿ ಎದೆ ಚಪ್ಪಟೆಯಾಗುತ್ತದೆ, ಕೂಡಲೇ ಗೊತ್ತಾಗುತ್ತದೆ. ಆದರೆ ಮೇಲಿನ ಹೊದಿಕೆ ತೆಳುವಾಗಿದ್ದರೆ ಅಂಚಿನಲ್ಲಿ ಸುಕ್ಕು ಕಾಣುತ್ತದೆ, ಮುಟ್ಟಿದರೆ ನೀರಿನ ಚೀಲದಂತೆಯೇ ಇರುತ್ತದೆ. ಸಿಲಿಕೋನ್ ಜೆಲ್ ಮುಟ್ಟಲು ಹೆಚ್ಚು ಸಹಜ. ಆದರೆ ಅದು ಒಡೆದರೆ ಹೊರಗೆ ಏನೂ ತಿಳಿಯದಿರಬಹುದು. ಆದ್ದರಿಂದ ಅಮೆರಿಕದ ಸಂಸ್ಥೆ ಜೆಲ್ ಹಾಕಿಸಿಕೊಂಡವರು ಐದಾರು ವರ್ಷಗಳ ನಂತರ ಮೊದಲ ಸಲ, ಆ ಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂ.ಆರ್.ಐ. ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ಹೇಳಿದೆ. ಆಪರೇಷನ್ನಿನ ಖರ್ಚು ಲೆಕ್ಕಹಾಕುವಾಗ ಈ ಖರ್ಚನ್ನು ಬಹುತೇಕ ಯಾರೂ ಸೇರಿಸಿಕೊಳ್ಳುವುದಿಲ್ಲ.

ಆಕಾರದಲ್ಲಿ ದುಂಡಗಿನದು, ಹನಿಯಾಕಾರದ್ದು ಎಂದಿವೆ. ಮೇಲ್ಮೈ ನುಣುಪಾಗಿರಬಹುದು, ಒರಟಾಗಿರಬಹುದು. ಮೇಲೆ ಹೇಳಿದ ಕಾರಣಕ್ಕೆ ನುಣುಪಿನದನ್ನೇ ಕೇಳುವುದು ಲೇಸು. ಇನ್ನು ಇಡುವ ಜಾಗ. ಸ್ತನ ಅಂಗಾಂಶದ ಹಿಂದೆ, ಸ್ನಾಯುವಿನ ಮೇಲೆ ಇಡಬಹುದು. ಅಥವಾ ಎದೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ ಇಡಬಹುದು. ಮೈಕಟ್ಟು ತೆಳುವಾಗಿದ್ದವರಿಗೆ ಸ್ನಾಯುವಿನ ಹೊದಿಕೆ ಅನುಕೂಲ. ಆದರೆ ನೋವು ಸ್ವಲ್ಪ ಹೆಚ್ಚು, ತೋಳು ಬಿಗಿದಾಗ ಇಂಪ್ಲಾಂಟ್ ಅಲುಗಬಹುದು. ಕೊಯ್ಯುವ ಜಾಗ ಸ್ತನದ ಕೆಳಗಿನ ಮಡಿಕೆಯಲ್ಲೋ, ತೊಟ್ಟಿನ ಸುತ್ತಲೋ, ಕಂಕುಳಿನಲ್ಲೋ ಆಗಬಹುದು. ಟ್ರಾನ್ಸ್ ಮಹಿಳೆಯರಲ್ಲಿ ತೊಟ್ಟಿನ ವೃತ್ತ ಚಿಕ್ಕದಾಗಿರುವುದರಿಂದ ಅಲ್ಲಿಂದ ಇಂಪ್ಲಾಂಟ್ ತೂರಿಸುವುದು ಕಷ್ಟ. ಸಾಮಾನ್ಯವಾಗಿ ಕೆಳಗಿನ ಮಡಿಕೆಯನ್ನೇ ಆರಿಸುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಪುರುಷ ಹಾರ್ಮೋನಿನ ಪ್ರಭಾವದಲ್ಲಿ ಬೆಳೆದ ಎದೆಗೂಡು ಅಗಲವಾಗಿರುತ್ತದೆ, ತೊಟ್ಟುಗಳು ಹೆಚ್ಚು ಹೊರಮಗ್ಗುಲಿಗೆ ಇರುತ್ತವೆ. ಇಂಪ್ಲಾಂಟನ್ನು ತೊಟ್ಟಿನ ಹಿಂದೆ ಸರಿಯಾಗಿ ಕೂರಿಸಿದರೆ ಎರಡು ಸ್ತನಗಳ ನಡುವೆ ಅಂತರ ಹೆಚ್ಚಾಗಿ ಕಾಣುತ್ತದೆ. ಅಂತರ ಮುಚ್ಚಬೇಕೆಂದು ಒಳಗೆ ಸರಿಸಿದರೆ ತೊಟ್ಟುಗಳು ಹೊರಕ್ಕೆ ತಿರುಗಿದಂತಾಗುತ್ತವೆ. ಸಿನಿಮಾ ನಟಿಯ ಫೋಟೋ ತಂದು ಹೀಗೇ ಮಾಡಿ ಎಂದು ಕೇಳಿದಾಗ ಡಾಕ್ಟರು ತಲೆಯಾಡಿಸದೆ ಕೂರುವುದು ಇದಕ್ಕೇ. ದೊಡ್ಡ ಚೀಲ ಇಟ್ಟರೆ ಅಂತರ ಮುಚ್ಚುತ್ತದೆ ಎಂಬ ಆಸೆಯಿಂದ ತೀರ ದೊಡ್ಡದನ್ನು ಕೇಳುವವರಿದ್ದಾರೆ. ಚರ್ಮ ತೆಳುವಾಗಿ, ಚೀಲ ಕೆಳಕ್ಕೆ ಜಾರಿ, ಬೆನ್ನು ನೋವು ಬಂದು ಕೊನೆಗೆ ಮತ್ತೊಂದು ಆಪರೇಷನ್ನಿಗೆ ದಾರಿಯಾಗುತ್ತದೆ.

ಇಂಪ್ಲಾಂಟ್ ಇಲ್ಲದ ದಾರಿಗಳೂ ಇವೆ. ಹೊಟ್ಟೆ ತೊಡೆಗಳಿಂದ ಕೊಬ್ಬನ್ನು ಹೀರಿ ತೆಗೆದು ಸ್ತನಕ್ಕೆ ತುಂಬುವುದು ಒಂದು. ಚೆರ್ನಿ ಮಹಾಶಯರ ಉಪಾಯವೇ ಹೊಸ ರೂಪದಲ್ಲಿ ಬಂದಿದೆ ಎನ್ನಬಹುದು. ಪರವಸ್ತು ಇಲ್ಲದಿರುವುದು ಇದರ ಗುಣ. ತುಂಬಿದ ಕೊಬ್ಬಿನಲ್ಲಿ ಒಂದು ಪಾಲು ಕರಗಿಹೋಗುವುದು, ಒಂದಕ್ಕಿಂತ ಹೆಚ್ಚು ಸಲ ಮಾಡಿಸಬೇಕಾಗುವುದು, ತೆಳ್ಳಗಿನ ಹುಡುಗಿಯರಲ್ಲಿ ತೆಗೆಯಲು ಕೊಬ್ಬೇ ಇಲ್ಲದಿರುವುದು ಇದರ ಮಿತಿ. ಇನ್ನು ಶಸ್ತ್ರಕ್ರಿಯೆಯೇ ಬೇಡವೆನ್ನುವವರಿಗೆ ಬ್ರಾ ಒಳಗೆ ಇಟ್ಟುಕೊಳ್ಳುವ ಸಿಲಿಕೋನ್ ಅಚ್ಚುಗಳು ಸಿಗುತ್ತವೆ. ಸ್ತನ ಕ್ಯಾನ್ಸರ್ ಆಪರೇಷನ್ ಆದ ಮಹಿಳೆಯರು ಬಳಸುವುದೂ ಇವನ್ನೇ. ಬ್ಲೌಸಿನ ಅಳತೆಗೆ ಸರಿಹೊಂದಿಸಿಕೊಂಡು ಒಂದು ವರ್ಷ ತೊಟ್ಟು ನೋಡುವುದು, ತನಗೆ ಬೇಕಾದ ಗಾತ್ರ ಯಾವುದೆಂದು ತಿಳಿಯಲು ಅತ್ಯುತ್ತಮ ಮಾರ್ಗ. ಬಸ್ಸು ಹತ್ತಬೇಕು, ಓಡಬೇಕು, ಬೇಸಿಗೆಯಲ್ಲಿ ಬೆವರಬೇಕು. ಆಗ ಮನಸ್ಸು ಹೇಳುವ ಗಾತ್ರಕ್ಕೂ ಮೈ ಹೇಳುವ ಗಾತ್ರಕ್ಕೂ ಇರುವ ಅಂತರ ಗೊತ್ತಾಗುತ್ತದೆ.

ಇಂಪ್ಲಾಂಟನ್ನೇ ಆರಿಸಿಕೊಂಡವರಿಗೆ ಮುಂದೇನಾಗುತ್ತದೆ ಎಂಬುದರ ಮೇಲೆ ನಿಮ್ಮ ಗಮನ ಸೆಳೆಯಬೇಕು. ದೇಹ ಯಾವುದೇ ಪರವಸ್ತುವನ್ನು ಕಂಡರೂ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಇದು ಸಹಜ. ಕೆಲವರಲ್ಲಿ ಆ ಪೊರೆ ವರ್ಷಗಳು ಕಳೆದಂತೆ ಬಿಗಿದು, ಇಂಪ್ಲಾಂಟನ್ನು ಮುಷ್ಟಿಯಲ್ಲಿ ಹಿಂಡಿದಂತೆ ಹಿಂಡುತ್ತದೆ. ಸ್ತನ ಗಟ್ಟಿಯಾಗಿ, ಆಕಾರ ಕೆಟ್ಟು, ನೋಯತೊಡಗುತ್ತದೆ. ಇದರ ತೀವ್ರತೆಯನ್ನು ವೈದ್ಯರು ನಾಲ್ಕು ದರ್ಜೆಗಳಲ್ಲಿ ಅಳೆಯುತ್ತಾರೆ. ಮೇಲಿನ ದರ್ಜೆಗಳಲ್ಲಿ ಮತ್ತೆ ಕೊಯ್ಯದೆ ವಿಧಿಯಿಲ್ಲ. ಸೋಂಕು, ರಕ್ತ ಕಟ್ಟಿಕೊಳ್ಳುವುದು, ತೊಟ್ಟಿನ ಸ್ಪರ್ಶಜ್ಞಾನ ಕುಂದುವುದು, ಇವೂ ಉಂಟು. ಹತ್ತು ವರ್ಷಕ್ಕೊಮ್ಮೆ ಬದಲಿಸಲೇಬೇಕು ಎಂಬುದು ತಪ್ಪು ತಿಳಿವಳಿಕೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಎಂಬುದು ಅದಕ್ಕಿಂತ ದೊಡ್ಡ ತಪ್ಪು. ವರ್ಷ ಕಳೆದಂತೆ ತೊಂದರೆಯ ಸಂಭವ ಹೆಚ್ಚುತ್ತದೆ. ಐವತ್ತು ವರ್ಷದವರು ಹಾಕಿಸಿಕೊಂಡರೆ ಅವರ ಮುಂದಿರುವ ಲೆಕ್ಕ ಬೇರೆ, ಇಪ್ಪತ್ತರ ಯುವತಿಯ ಲೆಕ್ಕ ಬೇರೆ. ಅವಳ ಮುಂದೆ ಐವತ್ತು ವರ್ಷವಿದೆ. ಒಂದೋ ಎರಡೋ ಆಪರೇಷನ್ ಮತ್ತೆ ಬೇಕಾಗಬಹುದು ಎಂದುಕೊಂಡೇ, ಅದಕ್ಕೆ ದುಡ್ಡನ್ನೂ ರಜೆಯನ್ನೂ ಎಣಿಸಿಕೊಂಡೇ ಅವಳು ಮುಂದುವರಿಯಬೇಕು. ಅಮೆರಿಕದಲ್ಲಿ ಸೌಂದರ್ಯದ ಉದ್ದೇಶಕ್ಕೆ ಸಲೈನ್ ಇಂಪ್ಲಾಂಟ್‌ಗೆ 18 ವರ್ಷ, ಸಿಲಿಕೋನ್ ಜೆಲ್‌ಗೆ 22 ವರ್ಷ ತುಂಬಿರಬೇಕೆಂಬ ಷರತ್ತಿನೊಂದಿಗೆ ಅನುಮತಿ ಕೊಡಲಾಯಿತು. ಅದು ನಮ್ಮ ದೇಶದ ಕಾನೂನಲ್ಲ. ಆದರೂ ಆ ನಾಲ್ಕು ವರ್ಷದ ವ್ಯತ್ಯಾಸ ಯೋಚನೆಗೆ ಹಚ್ಚುವಂತಿದೆ. 2021ರಿಂದ ಅಲ್ಲಿ ಇಂಪ್ಲಾಂಟ್‌ನ ಜೊತೆಗಿನ ಮಾಹಿತಿಯಲ್ಲಿ ಚೌಕಟ್ಟಿನೊಳಗೆ ಎಚ್ಚರಿಕೆ ಮುದ್ರಿಸಬೇಕು, ರೋಗಿ ಪ್ರತಿಯೊಂದು ಅಪಾಯವನ್ನೂ ಓದಿ ಸಹಿ ಹಾಕುವ ಪಟ್ಟಿಯೂ ಇರಬೇಕು ಎಂಬ ನಿಯಮ ಬಂತು.

ಹದಿನೆಂಟು ತುಂಬದವರಿಗೆ ಒಂದು ಮಾತು. ನಮ್ಮಲ್ಲಿ ವಯಸ್ಕರಾದ ಮೇಲೆಯೇ ಇಂಥ ಶಸ್ತ್ರಚಿಕಿತ್ಸೆಗೆ ಸ್ವಂತ ಒಪ್ಪಿಗೆ ಕೊಡಲು ಸಾಧ್ಯ. ನಿಮಗೆ ಈಗ ಬೇಕಾಗಿರುವುದು ನಂಬಿ ಮಾತನಾಡಬಹುದಾದ ಒಬ್ಬ ಮನುಷ್ಯ. ಅಂಥವರು ಯಾರೂ ಇಲ್ಲವೆನಿಸಿದರೆ, ಬದುಕೇ ಬೇಡವೆನಿಸಿದರೆ, ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಿಮ್ಮ ಸ್ವಭಾವವನ್ನೇ ಬದಲಿಸುತ್ತೇವೆ ಎನ್ನುವ ವೈದ್ಯರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಮದ್ರಾಸ್ ಹೈಕೋರ್ಟಿನ ಆದೇಶದ ಮೇರೆಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಸಾರಿದೆ.

ಕಾನೂನಿನ ವಿಚಾರದಲ್ಲಿ ಮುಖ್ಯವಾದದ್ದು 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪು. ಒಬ್ಬರ ಲಿಂಗತ್ವವನ್ನು ಒಪ್ಪಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಾ ಎಂದು ಒತ್ತಾಯಿಸುವುದು ಅನೈತಿಕ, ಕಾನೂನುಬಾಹಿರ ಎಂದು ಅದು ಹೇಳಿತು. ಎಂದರೆ ಹೆಣ್ಣು ಎನ್ನಿಸಿಕೊಳ್ಳಲು ಇಂಪ್ಲಾಂಟ್ ಪ್ರವೇಶಪತ್ರವಲ್ಲ. ಸಮುದಾಯದ ಒಳಗೂ ಕೆಲವೊಮ್ಮೆ, ಇದನ್ನು ಮಾಡಿಸದವಳು ಪೂರ್ಣ ಹೆಣ್ಣಲ್ಲ ಎಂಬ ಕುಹಕ ಕೇಳಿಬರುವುದರಿಂದ ಈ ಮಾತು ಹೇಳಬೇಕಾಯಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯಿದೆ ಹಾರ್ಮೋನು ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಅದರ ಮುಂಚಿನ ಹಾಗೂ ನಂತರದ ಆಪ್ತ ಸಲಹೆ ಇವುಗಳ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿತು. 2022ರ ಆಗಸ್ಟ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಒದಗಿಸುವ ಒಪ್ಪಂದಕ್ಕೆ ಸಹಿಯಾಯಿತು. ಕಾಗದದ ಮೇಲಿನ ಮಾತು ವಾರ್ಡಿನವರೆಗೆ ಬರುವುದು ನಿಧಾನ. ಯಾವ ಆಸ್ಪತ್ರೆ, ಯಾವ ಶಸ್ತ್ರಚಿಕಿತ್ಸೆ ಸೇರಿದೆ ಎಂಬುದನ್ನು ದಾಖಲಾಗುವ ಮುಂಚೆಯೇ ಬರವಣಿಗೆಯಲ್ಲಿ ಪಡೆಯಿರಿ. ಗುರುತಿನ ಚೀಟಿಯ ನಿಯಮಗಳು ಬದಲಾಗುವುದುಂಟು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ ತಿಳಿಯುವುದು ಉತ್ತಮ.

ಖಾಸಗಿ ಆಸ್ಪತ್ರೆಗಳಲ್ಲಿ ಖರ್ಚು ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಮನೆಯಿಂದ ಹೊರಬಿದ್ದ, ಕೆಲಸ ಸಿಗದ ಯುವತಿಗೆ ಅದು ಎಟುಕದ ಹಣ. ಸಿಲಿಕೋನ್ ಚುಚ್ಚುವವನು ಬರುವುದು ಈ ಸಂದಿನಲ್ಲೇ. ಲಾಡ್ಜಿನ ರೂಮಿನಲ್ಲೋ ಬ್ಯೂಟಿ ಪಾರ್ಲರಿನ ಹಿಂಭಾಗದಲ್ಲೋ ಕೆಲವೇ ಸಾವಿರಕ್ಕೆ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸುತ್ತೇನೆ ಎನ್ನುತ್ತಾನೆ. ಚುಚ್ಚುವುದು ದ್ರವ ಸಿಲಿಕೋನೋ, ಎಣ್ಣೆಯೋ, ಯಾರಿಗೂ ಗೊತ್ತಿಲ್ಲ. ಸೂಜಿ ರಕ್ತನಾಳಕ್ಕೆ ತಗುಲಿದರೆ ಆ ದ್ರವ ಶ್ವಾಸಕೋಶಕ್ಕೆ ಹೋಗಿ ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು. ಬದುಕುಳಿದರೂ ಅದು ವರ್ಷಗಳ ನಂತರ ಗಂಟುಗಟ್ಟುತ್ತದೆ, ಹೊಟ್ಟೆಯ ಕಡೆಗೆ ಜಾರುತ್ತದೆ, ಚರ್ಮ ಕೊಳೆಯುತ್ತದೆ. ಇಂಪ್ಲಾಂಟ್ ಆದರೆ ತೆಗೆದುಹಾಕಬಹುದು. ಅಂಗಾಂಶದೊಳಗೆ ಹರಡಿದ ದ್ರವವನ್ನು ಯಾವ ಸರ್ಜನ್ನೂ ಪೂರ್ತಿಯಾಗಿ ತೆಗೆಯಲಾರರು. ಎಪ್ಪತ್ತು ವರ್ಷಗಳ ಹಿಂದೆ ಜಪಾನಿನಲ್ಲಿ ಆದ ತಪ್ಪು ಇದೇ. 2017ರಲ್ಲಿ ಅಮೆರಿಕದ ಸಂಸ್ಥೆ ಇದರ ವಿರುದ್ಧ ಮತ್ತೆ ಬಹಿರಂಗ ಎಚ್ಚರಿಕೆ ಕೊಡಬೇಕಾಯಿತು. ಚುಚ್ಚುವವನು ಎಷ್ಟೇ ಪರಿಚಯದವನಾಗಿರಲಿ, ನಿಮ್ಮ ಗೆಳತಿಗೆ ಏನೂ ಆಗಿಲ್ಲ ಎಂದು ತೋರಿಸಲಿ, ಒಪ್ಪಬೇಡಿ. ಗೆಳತಿಗೆ ಆಗುವುದು ಇನ್ನೂ ಐದು ವರ್ಷದ ನಂತರ ಇರಬಹುದು.

ಕಾನೂನುಬದ್ಧ ಆಸ್ಪತ್ರೆಗೇ ಹೋದಾಗಲೂ ಪ್ರಶ್ನೆ ಕೇಳಲು ಸಂಕೋಚ ಬೇಡ. ಡಾಕ್ಟರಿಗೆ ಎಂ.ಸಿಎಚ್. ಪ್ಲಾಸ್ಟಿಕ್ ಸರ್ಜರಿ ಪದವಿಯೋ ಅದಕ್ಕೆ ಸಮನಾದದ್ದೋ ಇದೆಯೇ, ಟ್ರಾನ್ಸ್ ಮಹಿಳೆಯರಿಗೆ ಮುಂಚೆ ಮಾಡಿದ್ದಾರೆಯೇ, ಅರಿವಳಿಕೆ ತಜ್ಞರು ಯಾರು, ತೊಂದರೆಯಾದರೆ ರಾತ್ರಿ ಎರಡು ಗಂಟೆಗೆ ಫೋನು ಎತ್ತುವವರು ಯಾರು, ಮರು ಆಪರೇಷನ್ನಿನ ಖರ್ಚು ಯಾರದು ಎಂದೆಲ್ಲ ಕೇಳಿ. ಕೇಳಿದ್ದಕ್ಕೆ ಸಿಡುಕುವವರ ಕೈಗೆ ಎದೆಯನ್ನು ಒಪ್ಪಿಸಬೇಕಾಗಿಲ್ಲ. ನೀವೂ ಏನನ್ನೂ ಮುಚ್ಚಿಡಬಾರದು. ಯಾವ ಮಾತ್ರೆ ನುಂಗುತ್ತಿದ್ದೀರಿ, ಸಿಗರೇಟು ಸೇದುತ್ತೀರಾ, ಹಿಂದೆ ಏನಾದರೂ ಚುಚ್ಚಿಸಿಕೊಂಡಿದ್ದೀರಾ ಎಂಬುದನ್ನು ಹೇಳಲೇಬೇಕು. ಸಿಗರೇಟನ್ನು ಆಪರೇಷನ್ನಿಗೆ ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು, ಇಲ್ಲವಾದರೆ ಗಾಯ ಮಾಯುವುದಿಲ್ಲ.

ಇನ್ನು ಸಹಪಾಠಿಗಳಿಗೆ. ಆಪರೇಷನ್ ಆದ ಮೇಲೆ ಒಂದೆರಡು ವಾರದಲ್ಲಿ ಅವರು ಕಾಲೇಜಿಗೆ ಬರಬಹುದು. ಆದರೆ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ, ತೋಳನ್ನು ತಲೆಯ ಮೇಲೆ ಎತ್ತುವಂತಿಲ್ಲ, ನೂಕುನುಗ್ಗಲ ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುವಂತಿಲ್ಲ. ಅವರ ಪುಸ್ತಕದ ಚೀಲ ನೀವು ಹೊತ್ತುಕೊಳ್ಳಿ, ಬಸ್ಸಿನಲ್ಲಿ ಜಾಗ ಬಿಟ್ಟುಕೊಡಿ, ನೋಟ್ಸ್ ಕೊಡಿ. ಏನಾಯಿತು, ಎಲ್ಲಿ ಮಾಡಿಸಿದೆ, ತೋರಿಸು ಎಂದು ಕೇಳಬೇಡಿ. ಅಪೆಂಡಿಕ್ಸ್ ಆಪರೇಷನ್ ಆದವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಕೊನೆಯದಾಗಿ ಒಂದು ಸಣ್ಣ ವಿಷಯ. ಇಂಪ್ಲಾಂಟ್ ಹಾಕಿದ ದಿನ ಆಸ್ಪತ್ರೆಯವರು ಒಂದು ಕಾರ್ಡು ಕೊಡಬೇಕು. ಕಂಪನಿಯ ಹೆಸರು, ಮಾದರಿ, ಗಾತ್ರ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಸರಣಿ ಸಂಖ್ಯೆ ಅದರಲ್ಲಿರುತ್ತದೆ. ಕೊಡದಿದ್ದರೆ ಕೇಳಿ ಪಡೆಯಿರಿ. ಪಿ.ಐ.ಪಿ. ಹಗರಣದಲ್ಲೂ 2019ರಲ್ಲೂ ತಮ್ಮ ಎದೆಯೊಳಗೆ ಯಾವ ಕಂಪನಿಯ ಮಾಲಿದೆ ಎಂದು ತಿಳಿಯದೆ ಎಷ್ಟೋ ಮಹಿಳೆಯರು ಹಳೆಯ ಆಸ್ಪತ್ರೆಗಳ ಬಾಗಿಲು ಬಡಿದು ಅಲೆದಾಡಬೇಕಾಯಿತು. ಆ ಕಾರ್ಡನ್ನು ಎರಡು ಜೆರಾಕ್ಸ್ ಮಾಡಿಸಿ. ಒಂದನ್ನು ನೀವು ನಂಬುವ ಒಬ್ಬರ ಬಳಿ ಕೊಡಿ, ಇನ್ನೊಂದನ್ನು ನಿಮ್ಮ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಇಟ್ಟಿರುವ ಫೈಲಿನಲ್ಲೇ ಇಡಿ.